ಕಡತದಲ್ಲಿ ಬರೆದಿದ್ದ ಆ ಹಸಿರು ಸೀರೆ ತುಂಡು ಎಲ್ಲಿ ಹೋಯ್ತು? ದತ್ತು ಸಂಸ್ಥೆಗಳ ಹಳೇ ಕಥೆ ಗೊತ್ತಿದ್ದವರು ಬರೀರಿ

ತುಂಗೆ ದಂಡೆ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮಗಳು ಮನೆಗೆ ಬಂದಿದ್ದು 2006ರ ಮಳೆಗಾಲದಲ್ಲಿ. ಐದು ತಿಂಗಳ ಕೂಸು. ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗಿತಾ ಅಂತ ನೋಡೋಕೆ ಜನ ಕೊಡೆ ಹಿಡ್ಕೊಂಡು ಹೊಳೆ ಕಡೆ ಹೋಗ್ತಿದ್ದ ದಿನಗಳು. ನಾವು ಮಗುವನ್ನ ಎರಡು ಶಾಲಿನಲ್ಲಿ ಸುತ್ತಿ ಆಟೋದಲ್ಲಿ ಕರ್ಕೊಂಡು ಬಂದ್ವಿ. ಅವಳಿಗೆ ಮಾತು ಬರೋ ಮುಂಚಿನಿಂದಲೂ ಈ ಕಥೆ ಹೇಳ್ತಾನೇ ಬೆಳೆಸಿದ್ದೀವಿ, ಮುಚ್ಚಿಟ್ಟಿದ್ದು ಏನೂ ಇಲ್ಲ.

ಈಗ ಅವಳು ಮೈಸೂರಲ್ಲಿ ಓದ್ತಿದ್ದಾಳೆ. ದೀಪಾವಳಿಗೆ ಬಂದವಳು ಬೀರು ತೆಗೆದು ತನ್ನ ಕಡತ ಕೇಳಿದಳು. ಕೋರ್ಟ್ ಆದೇಶದ ಪ್ರತಿ, ಡಾಕ್ಟರ ವರದಿ, ಬೋಳು ತಲೆಯ ಒಂದು ಫೋಟೋ, ಆಮೇಲೆ ಸಂಸ್ಥೆಯ ದಾಖಲಾತಿ ಪುಸ್ತಕದ ಒಂದು ಪುಟದ ಜೆರಾಕ್ಸ್. ಅದರಲ್ಲಿ ತಾರೀಖು, ತೂಕ 2.1 ಕೆ.ಜಿ., ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿಲ್ಲ ಅಂತ ಒಂದು ಮಾತು. ಕೊನೇ ಕಾಲಮ್ಮಿನಲ್ಲಿ, "ಮೈಮೇಲಿದ್ದದ್ದು: ಹಸಿರು ಸೀರೆ ತುಂಡು 1".

"ಅಮ್ಮಾ, ಈ ತುಂಡು ಎಲ್ಲಿದೆ?" ಅಂದಳು.

ಆ ಪುಟವನ್ನ ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ. ಈ ಪ್ರಶ್ನೆ ನನಗೆ ಒಂದು ದಿನಕ್ಕೂ ಹೊಳೆದಿರಲಿಲ್ಲ. ಅವಳ ಮುಂದೆ ಬಾಯಿ ಕಟ್ಟಿ ಹೋಯ್ತು.

ಇಬ್ಬರೂ ಆ ಸಂಸ್ಥೆಗೆ ಹೋದ್ವಿ. ಮಲೆನಾಡಿನದೇ ಸಂಸ್ಥೆ, ಹೆಸರು ಬರೆಯಲ್ಲ. ನನ್ನ ಮಗಳನ್ನ ಐದು ತಿಂಗಳು ಎತ್ತಿ ಆಡಿಸಿದ ಮನೆ ಅದು. ಚೆನ್ನಾಗಿ ಮಾತಾಡಿಸಿದ್ರು, ಕಾಫಿ ಕೊಟ್ಟರು. ಕಟ್ಟಡ ಎರಡು ಸಲ ಬದಲಾಗಿದೆ, ಹಳೇ ಸಾಮಾನು ಇಲ್ಲ. "ಬಟ್ಟೆ ಯಾರು ಇಟ್ಕೋತಾರೆ ಮೇಡಂ" ಅಂದ್ರು. ಮಗಳು ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಮಾತೂ ಆಡಲಿಲ್ಲ.

ನನಗೆ ಬೇಕಿರೋದು ಇಷ್ಟು. ಈ ಸಂಸ್ಥೆಗಳು ಹೇಗೆ ಶುರುವಾದವು, ಮಗುವಿನ ಬಗ್ಗೆ ಏನು ಬರೀಬೇಕು, ಏನು ಇಟ್ಕೋಬೇಕು ಅಂತ ಯಾರು ತೀರ್ಮಾನ ಮಾಡ್ತಿದ್ರು? ಆ ಕೆಲಸ ಮಾಡಿದವರು, ದತ್ತು ಬಂದವರು, ಯಾರಾದ್ರೂ ಇದ್ದರೆ ದಯವಿಟ್ಟು ಬರೀರಿ.

ಕೆಳದಿ ಸೀಮೆ (ಸಾಗರ)

ನಿಮ್ಮ ಮಗಳ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ ಮಾರಾಯ್ರೆ. ನನಗೀಗ 72. ಸಂಸ್ಥೆಗಳ ವಿಷಯ ಗೊತ್ತಿದ್ದವರು ಹೇಳ್ತಾರೆ, ಅದಕ್ಕಿಂತ ಹಿಂದಿನದನ್ನ ನಾನು ಹೇಳ್ತೇನೆ.

ನಮ್ಮ ಅಜ್ಜನೇ ದತ್ತು ಬಂದವರು. ಅವರ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ತಮ್ಮನ ಎರಡನೇ ಮಗನನ್ನ ಹೋಮ ಮಾಡಿ ತೊಡೆ ಮೇಲೆ ಕೂರಿಸಿಕೊಂಡರು. ತೋಟಕ್ಕೆ ಒಬ್ಬ ವಾರಸುದಾರ ಬೇಕಿತ್ತು, ಶ್ರಾದ್ಧಕ್ಕೆ ಒಬ್ಬ ಮಗ ಬೇಕಿತ್ತು. ಇಲ್ಲೇ ನಮ್ಮ ಕೆಳದಿ ನೋಡಿ, ಚೆನ್ನಮ್ಮಾಜಿ ಬಸಪ್ಪ ನಾಯಕನನ್ನ ದತ್ತು ತಗೊಂಡು ಸಂಸ್ಥಾನ ಮುಂದುವರಿಸಿದಳು. ಕಿತ್ತೂರಿನಲ್ಲಿ ಶಿವಲಿಂಗಪ್ಪನ ದತ್ತು ಒಪ್ಪೋದಿಲ್ಲ ಅಂತ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಹಠ ಹಿಡಿದದ್ದಕ್ಕೇ 1824ರ ಅಕ್ಟೋಬರಿನಲ್ಲಿ ಕಾಳಗ ಆಯ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಚಾಮರಾಜೇಂದ್ರರನ್ನ ದತ್ತು ತಗೊಂಡರು, ಆ ಮಗನ ಕೈಗೇ 1881ರಲ್ಲಿ ಬ್ರಿಟಿಷರು ರಾಜ್ಯ ವಾಪಸ್ ಕೊಟ್ಟರು.

ಇಲ್ಲೆಲ್ಲ ಮಗು ಯಾರ ಮನೆಯದು ಅಂತ ಊರಿಗೇ ಗೊತ್ತು. ಮನೆಗೆ ಮಗ ಬೇಕು ಅಂತ ಹುಡುಕಿದರೇ ಹೊರತು ಮಗುವಿಗೆ ಮನೆ ಬೇಕು ಅಂತ ಯಾರೂ ಹೊರಡಲಿಲ್ಲ. ದಾರಿಯಲ್ಲಿ ಸಿಕ್ಕ ಮಗುವನ್ನ ತಂದು ಸಾಕಿದರೆ ಅದಕ್ಕೆ ದತ್ತು ಅನ್ನುತ್ತಿರಲಿಲ್ಲ, "ಸಾಕಿದ ಮಗು" ಅಷ್ಟೇ. ನಮ್ಮೂರಲ್ಲಿ ಅಂಥ ಒಬ್ಬಳಿದ್ದಳು. ಸಾಕಿದವರ ಕೊಟ್ಟಿಗೆ ಕೆಲಸ ಮಾಡುತ್ತಲೇ ಮುದುಕಿಯಾದಳು. ಪಾಲೂ ಇಲ್ಲ, ಪತ್ರವೂ ಇಲ್ಲ. ಅವಳು ಎಲ್ಲಿ ಸಿಕ್ಕಿದ್ದು ಅಂತ ನಮ್ಮ ತಾಯಿಗೆ ಗೊತ್ತಿತ್ತು, ತಾಯಿ ಹೋದಮೇಲೆ ಅದೂ ಹೋಯ್ತು.

ಹಳೇ ಕಾರ್ಯಕರ್ತೆ (ಭದ್ರಾವತಿ)

ನಾನು ಶಿಶುಮಂದಿರದಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ತುಂಗೆ ದಂಡೆಯವರೇ, ನಿಮ್ಮ ಮಗಳಿಗೆ ಉತ್ತರ ಕೊಡಬೇಕಾದವರಲ್ಲಿ ನಾನೂ ಒಬ್ಬಳು ಅಂದುಕೊಂಡೇ ಬರೀತಿದ್ದೀನಿ.

ಹಿರಿಯರು ಹೇಳಿದ್ದು ಸರಿ. 1956ರಲ್ಲಿ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಬಂದಮೇಲೇ ಹೆಣ್ಣುಮಗುವನ್ನ ದತ್ತು ತಗೊಳ್ಳೋದು ಹಿಂದೂಗಳಲ್ಲಿ ಎಲ್ಲರಿಗೂ ಸಾಧ್ಯ ಆಗಿದ್ದು. ಆದರೆ ಆ ಕಾಯ್ದೆಯಲ್ಲೂ ಮಗುವನ್ನ ಎತ್ತಿ ಕೊಡೋಕೆ ಅಪ್ಪನೋ ಅಮ್ಮನೋ ಬೇಕಿತ್ತು, ಅವರು ತೀರಿಕೊಂಡಿದ್ದರೆ ಪೋಷಕರು ಬೇಕಿತ್ತು. ಹೆತ್ತವರು ಯಾರು ಅಂತಲೇ ಗೊತ್ತಿಲ್ಲದ ಮಗುವನ್ನ, ಬಿಟ್ಟುಹೋದ ಮಗುವನ್ನ ಕೋರ್ಟಿನ ಅನುಮತಿ ಪಡೆದು ಕೊಡಬಹುದು ಅಂತ ಆಗಿದ್ದು 1962ರ ತಿದ್ದುಪಡಿಯಲ್ಲಿ. ಅಲ್ಲಿಯ ತನಕ ಅನಾಥಾಲಯ ಆಗಿದ್ದ ಎಷ್ಟೋ ಮನೆಗಳಿಗೆ ದತ್ತು ಕೊಡೋ ದಾರಿ ತೆರೆದಿದ್ದು ಅದೇ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಆಗಲೂ 1890ರ ಪೋಷಕತ್ವದ ಕಾಯ್ದೆಯೇ ಗತಿ. ಮಗು ಮನೆಯಲ್ಲಿ ಬೆಳೀತಿತ್ತು, ಕಾನೂನಿನಲ್ಲಿ ಮಗು ಆಗ್ತಿರಲಿಲ್ಲ. 2000ದ ಬಾಲನ್ಯಾಯ ಕಾಯ್ದೆ ಅವರಿಗೂ ಬಾಗಿಲು ತೆಗೆಯಿತು, ಯಾವ ಧರ್ಮದವರೂ ಅದರ ಅಡಿಯಲ್ಲಿ ದತ್ತು ತಗೋಬಹುದು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಸ್ಪಷ್ಟವಾಗಿ ಹೇಳಿತು.

ಕಾಗದ ಪತ್ರದ ಶಿಸ್ತು ಬಂದಿದ್ದಕ್ಕೆ ಕಾರಣ ಒಂದು ಪತ್ರ. ವಿದೇಶಕ್ಕೆ ಮಕ್ಕಳನ್ನ ಕಳಿಸೋದರಲ್ಲಿ ಅನ್ಯಾಯ ನಡೀತಿದೆ ಅಂತ ಲಕ್ಷ್ಮೀಕಾಂತ ಪಾಂಡೆ ಅನ್ನೋ ವಕೀಲರು ಸುಪ್ರೀಂ ಕೋರ್ಟಿಗೆ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿ ಅಂತ ತಗೊಂಡಿತು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ತೀರ್ಪು ಬಂತು. ಸಂಸ್ಥೆಗೆ ಮಾನ್ಯತೆ ಇರಬೇಕು, ಮೊದಲು ದೇಶದೊಳಗೆ ಮನೆ ಹುಡುಕಬೇಕು, ಪ್ರತಿ ಮಗುವಿನ ವರದಿ ಬರೀಬೇಕು. 1990ರಲ್ಲಿ ಕಾರಾ, ಅಂದರೆ ದತ್ತು ವಿಷಯ ನೋಡಿಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ, ಸ್ಥಾಪನೆ ಆಯ್ತು. ಒಂದು ದೇಶದಿಂದ ಇನ್ನೊಂದು ದೇಶಕ್ಕೆ ದತ್ತು ಕೊಡೋದರ ಬಗ್ಗೆ ಇರೋ ಅಂತರರಾಷ್ಟ್ರೀಯ ಹೇಗ್ ಒಪ್ಪಂದವನ್ನ ಭಾರತ ಒಪ್ಪಿದ್ದು 2003ರಲ್ಲಿ.

ಇನ್ನು ನಿಮ್ಮ ಪ್ರಶ್ನೆ. ಬರೀತಿದ್ದೆವು, ಆದರೆ ಬರೆದಿದ್ದು ಕೋರ್ಟಿಗಾಗಿ. ತೂಕ, ಲಸಿಕೆ, ಪೊಲೀಸ್ ಠಾಣೆಯ ಪತ್ರ, ಪತ್ರಿಕೆಯಲ್ಲಿ ಹಾಕಿದ ಪ್ರಕಟಣೆ. ಮಗು ದೊಡ್ಡದಾಗಿ ಒಂದು ದಿನ ಬಂದು ಓದುತ್ತೆ ಅನ್ನೋ ಯೋಚನೆ ನಮಗಿರಲಿಲ್ಲ. ಹೇಳೋಕೆ ಕಷ್ಟ ಆಗುತ್ತೆ, ಆದರೂ ಹೇಳ್ತೀನಿ. ಮಗುವಿನ ಜೊತೆ ಬಂದ ಸೀರೆ ತುಂಡನ್ನ ಬಿಸಿನೀರಲ್ಲಿ ಕುದಿಸಿ, ಒಗೆದು, ಚೌಕ ಹರಿದು ಲಂಗೋಟಿ ಮಾಡ್ತಿದ್ದೆವು. ಹಳೇ ಹತ್ತಿ ಸೀರೆ ಮೆತ್ತಗಿರುತ್ತಲ್ಲ, ಕೂಸಿನ ಮೈಗೆ ಅದಕ್ಕಿಂತ ಒಳ್ಳೇದು ಸಿಗ್ತಿರಲಿಲ್ಲ. ನಾನೇ ಎಷ್ಟೋ ಹರಿದಿದ್ದೀನಿ. ನಿಮ್ಮ ಮಗಳದ್ದೂ ಹಾಗೇ ಯಾವುದೋ ಮಗುವಿನ ಸೊಂಟಕ್ಕೆ ಹೋಗಿರಬಹುದು.

ತುಂಗೆ ದಂಡೆ (ಶಿವಮೊಗ್ಗ)

ಅಕ್ಕಾ, ನಿಮ್ಮ ಬರಹವನ್ನ ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೆತ್ತಗಿತ್ತಂತೆ" ಅಂದಳು. ಅಷ್ಟೇ ಅಂದಿದ್ದು.

ಮೂರು ದಿನದ ನಂತರ ಅವಳೇ ಫೋನ್ ಮಾಡಿ ಲಂಡನ್ನಿನ ಒಂದು ಸಂಸ್ಥೆಯ ಕಥೆ ಹೇಳಿದಳು. ಲೈಬ್ರರಿಯಲ್ಲಿ ಕೂತು ಓದಿದ್ದಾಳೆ. ಅವಳು ಹೇಳಿದ್ದನ್ನ ನಾನು ಬರ್ಕೊಂಡೆ, ಇಲ್ಲಿ ಹಾಕ್ತಿದ್ದೀನಿ. ನಮ್ಮ ವಿಷಯಕ್ಕೆ ಇದಕ್ಕಿಂತ ಹತ್ತಿರದ್ದು ನನಗೆ ಸಿಕ್ಕಿಲ್ಲ.

ಥಾಮಸ್ ಕೋರಮ್ ಅಂತ ಒಬ್ಬ ಹಡಗಿನ ಕ್ಯಾಪ್ಟನ್. ಲಂಡನ್ನಿನ ಬೀದಿ ಬದಿ ಬಿಟ್ಟುಹೋದ ಕೂಸುಗಳು ಸಾಯೋದನ್ನ ಕಣ್ಣಾರೆ ಕಂಡು, ಅವಕ್ಕೊಂದು ಮನೆ ಬೇಕು ಅಂತ ಹೊರಟ. ಅಂಥ ಮಕ್ಕಳಿಗೆ ಆಶ್ರಯ ಕೊಟ್ಟರೆ ಪಾಪಕ್ಕೆ ಕುಮ್ಮಕ್ಕು ಕೊಟ್ಟ ಹಾಗೆ ಅಂತ ದೊಡ್ಡವರೆಲ್ಲ ಬಾಗಿಲು ಹಾಕಿದರು. 17 ವರ್ಷ ಅಲೆದ. ಕೊನೆಗೆ ದೊಡ್ಡ ಮನೆತನದ 21 ಹೆಂಗಸರು ಅರ್ಜಿಗೆ ಸಹಿ ಹಾಕಿದ ಮೇಲೆ ಗಾಳಿ ತಿರುಗಿತು. 1739ರಲ್ಲಿ ರಾಜನ ಸನ್ನದು ಸಿಕ್ಕಿತು. 1741ರ ಮಾರ್ಚ್ 25ರ ರಾತ್ರಿ ಬಾಗಿಲು ತೆಗೆದಾಗ 30 ಮಕ್ಕಳಿಗೆ ಮನೆ ತುಂಬಿಹೋಯ್ತು. ಮಗುವನ್ನ ಬಿಟ್ಟುಹೋಗೋ ತಾಯಂದಿರೂ ಅಳ್ತಿದ್ದರು, ಜಾಗ ಇಲ್ಲ ಅಂತ ವಾಪಸ್ ಕಳಿಸಿದ ತಾಯಂದಿರೂ ಅಳ್ತಿದ್ದರು ಅಂತ ಸಂಸ್ಥೆಯ ದಾಖಲೆಯಲ್ಲೇ ಬರೆದಿದ್ದಾರಂತೆ. ಆಮೇಲೆ ಜನ ಹೆಚ್ಚಾಗಿ ಚೀಟಿ ಎತ್ತೋ ಹಾಗೆ ಮಾಡಿದರು. ತಾಯಿ ಚೀಲಕ್ಕೆ ಕೈ ಹಾಕಬೇಕು. ಬಿಳಿ ಚೆಂಡು ಬಂದರೆ ಮಗು ಒಳಗೆ, ಕಪ್ಪು ಬಂದರೆ ಹೊರಗೆ, ಕೆಂಪು ಬಂದರೆ ಕಾಯಬೇಕು. ಇದನ್ನ ಹೇಳುವಾಗ ಅವಳ ಗಂಟಲು ಕಟ್ಟಿತು, ನನ್ನದೂ.

ಒಳಗೆ ಹೋದ ಮಗುವಿಗೆ ಹೊಸ ಹೆಸರು. ಮುಂದೆ ಎಂದಾದರೂ ತಾಯಿ ವಾಪಸ್ ಬಂದರೆ ಗುರುತು ಹಿಡಿಯೋಕೆ ಅಂತ ಏನಾದರೊಂದು ವಸ್ತು ಇಟ್ಕೋತಿದ್ದರು. ಅರ್ಧ ಮುರಿದ ನಾಣ್ಯ, ಗುಂಡಿ, ಹೆಚ್ಚಾಗಿ ಬಟ್ಟೆ ಚೂರು. ಮಗುವಿನ ಅಂಗಿಯಿಂದಲೋ ತಾಯಿಯ ಬಟ್ಟೆಯಿಂದಲೋ ಕತ್ತರಿಸಿ, ದಾಖಲೆಯ ಹಾಳೆಗೇ ಗುಂಡುಸೂಜಿ ಚುಚ್ಚಿ ಇಡ್ತಿದ್ದರು. ಅಂಥ ಸುಮಾರು 5,000 ಚೂರು ಇವತ್ತಿಗೂ ಇವೆ. ಒಬ್ಬ ತಾಯಿ 1767ರಲ್ಲಿ ಗಂಡುಮಗುವನ್ನ ಬಿಟ್ಟುಹೋಗುವಾಗ ತೇಪೆ ಹೊಲಿದ ಬಟ್ಟೆಯ ಅರ್ಧ ಕೊಟ್ಟು ಇನ್ನರ್ಧ ಇಟ್ಕೊಂಡಿದ್ದಳಂತೆ. ಎಂಟು ವರ್ಷ ಕಳೆದು 1775ರಲ್ಲಿ ಆ ಅರ್ಧ ಹಿಡ್ಕೊಂಡು ಬಂದು ಮಗನನ್ನ ಕರ್ಕೊಂಡು ಹೋದಳು. ಹಾಗೆ ವಾಪಸ್ ಬಂದವರು ಬಹಳ ಕಡಿಮೆ. ಹೆಚ್ಚಿನ ಮಕ್ಕಳು ಬದುಕಲೇ ಇಲ್ಲ. 1756ರಿಂದ 1760ರ ತನಕ ಸರ್ಕಾರದ ದುಡ್ಡಿನಲ್ಲಿ ಬಂದ ಮಕ್ಕಳನ್ನೆಲ್ಲ ತಗೊಂಡಾಗ ಸುಮಾರು 15,000 ಮಕ್ಕಳು ಸೇರಿದರು, ಮೂರರಲ್ಲಿ ಎರಡು ಪಾಲು ಸತ್ತುಹೋದರು.

ಮಗಳಿಗೆ ಹೆಚ್ಚು ನೋವಾಗಿದ್ದು ಇನ್ನೊಂದು ವಿಷಯಕ್ಕೆ. ನೂರು ವರ್ಷ ಕಳೆದ ಮೇಲೆ ಜನರಿಗೆ ತೋರಿಸೋಕೆ ಚೆನ್ನಾಗಿರುತ್ತೆ ಅಂತ ಕೆಲವು ನಾಣ್ಯ, ಪದಕಗಳನ್ನ ಹಾಳೆಯಿಂದ ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರಂತೆ. ಯಾವುದು ಯಾವ ಮಗುವಿನದು ಅನ್ನೋದು ಅಲ್ಲಿಗೆ ಕಳೆದುಹೋಯ್ತು. ಹಾಗೆ ಮಾಡಿಸಿದವರು ಜಾನ್ ಬ್ರೌನ್‌ಲೋ ಅಂತ ಸಂಸ್ಥೆಯ ಕಾರ್ಯದರ್ಶಿ, ಅವರೂ ಅಲ್ಲೇ ಬೆಳೆದ ಅನಾಥ ಮಗುವೇ. "ಅವರಿಗೇ ಗೊತ್ತಾಗಲಿಲ್ಲ ಅಂದಮೇಲೆ ನಮ್ಮ ಸಂಸ್ಥೆಯವರಿಗೆ ಹೇಗೆ ಗೊತ್ತಾಗಬೇಕಮ್ಮ" ಅಂದಳು. ಈಗ ಸಂಶೋಧಕರು ಹಳೇ ಹಾಳೆಗಳನ್ನ ಓದಿ ಒಂದೊಂದನ್ನೇ ಮತ್ತೆ ಜೋಡಿಸ್ತಿದ್ದಾರಂತೆ. ಆ ಸಂಸ್ಥೆ 1954ರಲ್ಲಿ ಮಕ್ಕಳನ್ನ ಒಟ್ಟಿಗೆ ಇಟ್ಟು ಸಾಕೋದು ನಿಲ್ಲಿಸಿತು. ಕೋರಮ್ ಅನ್ನೋ ಹೆಸರಿನಲ್ಲಿ ಈಗಲೂ ಇದೆ, ಮಕ್ಕಳಿಗೆ ದತ್ತು ಮನೆ ಹುಡುಕುತ್ತೆ.

ಆಗುಂಬೆ ಮಳೆ (ತೀರ್ಥಹಳ್ಳಿ)

ಅಕ್ಕಾ, ನಡುವೆ ಬರ್ತಿದ್ದೀನಿ, ತಪ್ಪು ತಿಳ್ಕೋಬೇಡಿ. ನಾವು ಕಾರಾದಲ್ಲಿ ಹೆಸರು ಬರೆಸಿ ಮೂರು ವರ್ಷ ಆಗ್ತಾ ಬಂತು. ದಿನಾ ಬೆಳಿಗ್ಗೆ ನನ್ನ ಹೆಂಡತಿ ಪೋರ್ಟಲ್ ತೆಗೆದು ನಂಬರ್ ಎಷ್ಟು ಇಳೀತು ಅಂತ ನೋಡ್ತಾಳೆ. ಹೋದ ತಿಂಗಳು ಒಬ್ಬರು ಸಿಕ್ಕಿ, ಪರಿಚಯದ ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಇದೆ, ತಾಯಿಗೆ ಮಗು ಬೇಡ, ಜನನ ಪತ್ರದಲ್ಲಿ ನೇರವಾಗಿ ನಿಮ್ಮ ಹೆಸರೇ ಹಾಕಿಸ್ತೀನಿ ಅಂದ್ರು. ಖರ್ಚು ಸ್ವಲ್ಪ ಆಗುತ್ತೆ ಅಂದ್ರು. ಹೆಂಡತಿ ಎರಡು ರಾತ್ರಿ ನಿದ್ದೆ ಮಾಡಿಲ್ಲ. ಇದನ್ನೆಲ್ಲ ಓದಿದ ಮೇಲೆ ನನಗೂ ಏನೂ ತೋಚ್ತಿಲ್ಲ. ಏನು ಮಾಡೋದು ಹೇಳಿ.

ಹಳೇ ಕಾರ್ಯಕರ್ತೆ (ಭದ್ರಾವತಿ)

ತಮ್ಮಾ, ಬೇಡ. ಖಂಡಿತ ಬೇಡ.

ಅವರು ಹೇಳ್ತಿರೋದು ದತ್ತು ಅಲ್ಲ, ಮಗು ಮಾರಾಟ. ಬಾಲನ್ಯಾಯ ಕಾಯ್ದೆಯಲ್ಲಿ ಮಾರಿದವರಿಗೂ ಕೊಂಡವರಿಗೂ ಐದು ವರ್ಷದ ತನಕ ಜೈಲು, ಒಂದು ಲಕ್ಷ ದಂಡ. ಶಿಕ್ಷೆಯ ಮಾತು ಹಾಗಿರಲಿ, ಆ ಮಗುವನ್ನ ಯೋಚಿಸಿ. ಜನನ ಪತ್ರದಲ್ಲೇ ನಿಮ್ಮ ಹೆಸರು ಬಂದರೆ ಅದು ಯಾರ ಮಗು ಅಂತ ಈ ಲೋಕದ ಯಾವ ಕಾಗದದಲ್ಲೂ ಉಳಿಯಲ್ಲ. ತುಂಗೆ ದಂಡೆಯವರ ಮಗಳಿಗೆ ಒಂದು ಸಾಲಾದರೂ ಸಿಕ್ಕಿತು. ಆ ಮಗುವಿಗೆ ಅದೂ ಸಿಗಲ್ಲ.

ಆ ತಾಯಿ ನಿಜವಾಗಿ ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿಸಿ. ಮಕ್ಕಳ ಕಲ್ಯಾಣ ಸಮಿತಿ ಮುಂದೆ ಮಗುವನ್ನ ಒಪ್ಪಿಸಬಹುದು. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸೋಕೆ ಅವಳಿಗೆ 60 ದಿನ ಇದೆ. ಈ 60 ದಿನದ ಬೆಲೆ ನಾನು ಬಲ್ಲೆ. 58ನೇ ದಿನ ಓಡಿ ಬಂದ ಒಬ್ಬ ಹುಡುಗಿಯನ್ನ ನೋಡಿದ್ದೀನಿ, ಚಪ್ಪಲಿ ಸಹ ಹಾಕಿರಲಿಲ್ಲ. ದುಡ್ಡು ಕೊಟ್ಟು ತಂದ ಮಗುವಿನ ತಾಯಿಗೆ ಆ ದಿನ ಎಲ್ಲಿಂದ ಬರಬೇಕು?

ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನ ಬಿಟ್ಟ ತಾಯಿಗೆ ಕಾನೂನು ಶಿಕ್ಷೆ ಕೊಡಲ್ಲ. ತಮಿಳುನಾಡಿನ ಸೇಲಂನಲ್ಲಿ 1992ರಲ್ಲಿ ತೊಟ್ಟಿಲು ಯೋಜನೆ ಶುರು ಮಾಡಿದ್ದು ಹೆಣ್ಣುಕೂಸನ್ನ ಕೊಲ್ಲಬೇಡಿ, ಇಲ್ಲಿ ಮಲಗಿಸಿ ಹೋಗಿ ಅಂತ. ನಮ್ಮ ಕಡೆಯೂ ತೊಟ್ಟಿಲು ಇಡ್ತಾರೆ. ಇದನ್ನ ಊರಲ್ಲಿ ನಾಲ್ಕು ಜನಕ್ಕೆ ಹೇಳಿ.

ನಿಮ್ಮ ಕೆಲಸಕ್ಕೆ ಬರ್ತೀನಿ. ಹೋಮ್ ಸ್ಟಡಿಗೆ, ಅಂದರೆ ನಿಮ್ಮ ಮನೆ ನೋಡಿ ಬರೆದ ವರದಿಗೆ, ಮೂರು ವರ್ಷ ಅವಧಿ, ಮುಗಿಯೋ ಮುಂಚೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಕೇಳಿ. ಪೋರ್ಟಲಿನಲ್ಲಿ ಮಗುವಿನ ವಿವರ ತೋರಿಸಿದ ಮೇಲೆ ಕಾದಿರಿಸೋಕೆ 48 ಗಂಟೆ ಮಾತ್ರ ಸಿಗುತ್ತೆ, ಆಗ ಫೋನ್ ಚಾರ್ಜ್ ಇಲ್ಲ, ಸಿಗ್ನಲ್ ಇಲ್ಲ ಅನ್ನೋ ಹಾಗಾಗಬಾರದು. ನಿಮ್ಮ ಘಾಟಿ ಕಡೆಯ ನೆಟ್‌ವರ್ಕ್ ಗೊತ್ತಲ್ಲ, ಪೇಟೆಯಲ್ಲಿರೋ ಒಬ್ಬರ ನಂಬರನ್ನೂ ಕೊಟ್ಟಿರಿ. ಅಂತಿಮ ಆದೇಶಕ್ಕೆ ಮೊದಲಿನ ಹಾಗೆ ಕೋರ್ಟಿಗೆ ಅಲೆಯಬೇಕಾಗಿಲ್ಲ, 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗಳೇ ಕೊಡ್ತಾರೆ. ಆಮೇಲೆ ಎರಡು ವರ್ಷ ಆರು ತಿಂಗಳಿಗೊಮ್ಮೆ ಬಂದು ನೋಡ್ತಾರೆ. ಬಂದವರ ಹತ್ತಿರ ಕಷ್ಟ ಸುಖ ಬಿಚ್ಚಿ ಮಾತಾಡಿ, ಹೆದರಬೇಡಿ.

ಕಾಫಿ ಹೂವು (ಕೊಪ್ಪ)

ನಾನು ದತ್ತು ಬಂದವನು. 1991ರಲ್ಲಿ, ಎರಡು ವರ್ಷದವನಿದ್ದಾಗ. ಇಲ್ಲಿಯವರೆಗೆ ಬರೆದವರೆಲ್ಲ ಹುಡುಕಬೇಕು ಅನ್ನೋ ಕಡೆ ಇದ್ದೀರಿ, ಹಾಗಾಗಿ ನನ್ನ ಮಾತನ್ನೂ ಹೇಳ್ತೀನಿ.

ನಾನು ಹುಡುಕಿಲ್ಲ, ಹುಡುಕಲ್ಲ. ನನ್ನ ಕಡತ ಅಮ್ಮನ ಟ್ರಂಕಿನಲ್ಲಿದೆ, ತೆಗೆದಿಲ್ಲ. "ನಿನ್ನ ನಿಜವಾದ ಅಪ್ಪ ಅಮ್ಮ ಯಾರು" ಅಂತ ಶಾಲೆಯಿಂದ ಹಿಡಿದು ಮದುವೆ ಮಾತುಕತೆಯ ತನಕ ಕೇಳಿಸಿಕೊಂಡಿದ್ದೀನಿ. ಹೆಣ್ಣಿನ ಕಡೆಯವರು ಗೋತ್ರ ಕೇಳಿದಾಗ ಅಪ್ಪ ತಮ್ಮ ಗೋತ್ರ ಹೇಳಿ, "ಇವನದ್ದೂ ಅದೇ" ಅಂದರು. ನನಗೆ ಅಷ್ಟು ಸಾಕು. ಹುಡುಕದೇ ಇರೋರನ್ನ, ಏನೋ ಮುಚ್ಚಿಡ್ತಾರೆ, ಒಳಗೆ ಕೊರಗ್ತಾರೆ ಅಂತ ನೋಡಬೇಡಿ.

ಆದರೆ ಕಡತ ಇರಲೇಬೇಕು. ಮಗನಿಗೆ ಹುಷಾರಿಲ್ಲದೆ ಆಸ್ಪತ್ರೆಗೆ ಹೋದಾಗ, ನಿಮ್ಮ ಕಡೆ ಯಾರಿಗಾದರೂ ಈ ಕಾಯಿಲೆ ಇತ್ತಾ ಅಂತ ಡಾಕ್ಟರು ಕೇಳಿದರು. ಪೆನ್ನು ಹಿಡಿದು ಕಾಯ್ತಾ ಇದ್ದರು. ಗೊತ್ತಿಲ್ಲ ಅಂದೆ. ಆ ಖಾಲಿ ಜಾಗ ಈಗ ಮಗನ ಕಡತಕ್ಕೂ ಬಂತು.

ತಂಗಿಗೆ ಒಂದು ವಿಷಯ ಹೇಳಿ. 18 ತುಂಬಿದ ಮೇಲೆ ಅವಳೇ ಅರ್ಜಿ ಹಾಕಬಹುದು, ಅವಳ ಪರವಾಗಿ ಬೇರೆ ಯಾರೂ ಹುಡುಕೋ ಹಾಗಿಲ್ಲ. ತಾಯಿ ಒಪ್ಪಿಸಿದ ಮಗು ಆಗಿದ್ದು, ಹೆಸರು ಹೇಳಬೇಡಿ ಅಂತ ಆಕೆ ಕೇಳಿಕೊಂಡಿದ್ದರೆ, ಅವರ ಲಿಖಿತ ಒಪ್ಪಿಗೆ ಇಲ್ಲದೆ ಹೆಸರು ಕೊಡಲ್ಲ. ಅದು ಸರಿಯೇ ಅಂತ ನನ್ನ ಅಭಿಪ್ರಾಯ. ಆ ಹೆಂಗಸು ಎಲ್ಲೋ ಒಂದು ಸಂಸಾರ ಕಟ್ಟಿಕೊಂಡಿರ್ತಾಳೆ.

ಕೆಳದಿ ಸೀಮೆ (ಸಾಗರ)

ಕೊಪ್ಪದವರೇ, ನಿಮ್ಮ ತಂದೆ ಆಡಿದ ಮಾತನ್ನ ನನ್ನ ಹೆಂಡತಿಗೆ ಓದಿ ಹೇಳಿದೆ. ಎರಡು ಸಲ ಓದಿಸಿದಳು.

ಆಗುಂಬೆ ಮಳೆ (ತೀರ್ಥಹಳ್ಳಿ)

ಆ ಮನುಷ್ಯನಿಗೆ ಆಗೋದಿಲ್ಲ ಅಂತ ಹೇಳಿದ್ವಿ, 1098ರ ವಿಷಯವನ್ನೂ ಹೇಳಿದ್ವಿ. ಕಾಯ್ತೀವಿ. ಇವತ್ತು ಹೆಂಡತಿ ಒಂದು ಹೊಸ ನೋಟ್‌ಬುಕ್ ತಂದಿದ್ದಾಳೆ, ಮಗು ಬಂದ ದಿನದಿಂದ ಎಲ್ಲಾ ಬರೆದಿಡ್ತಾಳಂತೆ.

ತುಂಗೆ ದಂಡೆ (ಶಿವಮೊಗ್ಗ)

ಎಲ್ಲರಿಗೂ ಕೈ ಮುಗಿದೆ. ಮಗಳು ಹೋದ ವಾರ ಬಂದಿದ್ದಳು. ಅರ್ಜಿ ಅವಳೇ ಬರೆದಳು, ನಾನು ಪಕ್ಕದಲ್ಲಿ ಕೂತಿದ್ದೆ ಅಷ್ಟೇ. ಅದರಲ್ಲಿ ತಾಯಿಯ ಹೆಸರು ಕೇಳಿಲ್ಲ. ದಾಖಲಾತಿ ಪುಸ್ತಕದ ಮೂಲ ಪುಟ ನೋಡಬೇಕು, ಆ ಸಾಲು ಬರೆದವರು ಯಾರು ಅಂತ ತಿಳೀಬೇಕು ಅಂತ ಕೇಳಿದ್ದಾಳೆ. ಕೊಪ್ಪದ ಅಣ್ಣನಿಗೆ ಹೇಳಮ್ಮ ಅಂದಳು, ಡಾಕ್ಟರ ಪ್ರಶ್ನೆಯನ್ನೂ ಕೊನೆಯಲ್ಲಿ ಸೇರಿಸಿದ್ದಾಳೆ.

ಈ ಸಲ ಸಂಸ್ಥೆಯವರು ಕೂರಿಸಿ ಪುಸ್ತಕ ತೆಗೆದರು. ಜೆರಾಕ್ಸಿನಲ್ಲಿ ಕಪ್ಪಾಗಿ ಕಂಡಿದ್ದ ಅಕ್ಷರ ಅಲ್ಲಿ ನೀಲಿ ಇಂಕು. "ಹಸಿರು" ಅನ್ನೋದಕ್ಕೆ ಮುಂಚೆ ಬೇರೆ ಏನೋ ಬರೆದು ಹೊಡೆದು ಹಾಕಿದ್ದಾರೆ, ದೀಪಕ್ಕೆ ಹಿಡಿದು ನೋಡಿದರೆ "ನೀ" ಅಂತ ಕಾಣುತ್ತೆ. ಯಾರೋ ನೀಲಿ ಅಂತ ಬರೆಯೋಕೆ ಹೋಗಿ, ಮತ್ತೊಂದು ಸಲ ಬಟ್ಟೆ ನೋಡಿ, ಹಸಿರು ಅಂತ ತಿದ್ದಿದ್ದಾರೆ. ಮಗಳು ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಿದ್ದಳು.

ಆ ವರ್ಷ ಕೆಲಸದಲ್ಲಿದ್ದ ಆಯಾ ಒಬ್ಬರು ಹತ್ತಿರದ ಹಳ್ಳಿಯಲ್ಲೇ ಇದ್ದಾರೆ ಅಂತ ಅಲ್ಲಿಯವರೇ ಫೋನ್ ಮಾಡಿ ಕೇಳಿ, ಅವರು ಬನ್ನಿ ಅಂದಮೇಲೆ ನಮ್ಮನ್ನ ಕಳಿಸಿದರು. ವಯಸ್ಸಾಗಿದೆ, ಕಣ್ಣು ಮಂಜು. ಮಗಳ ಕೈ ಹಿಡಿದು ಮುಖ ಸವರಿದರು. ಬಟ್ಟೆ ನೆನಪಿಲ್ಲ ಮಗಾ, ಸುಳ್ಳು ಹೇಳಬಾರದು ಅಂದರು. ಆಮೇಲೆ ತಾವಾಗೇ ಹೇಳಿದರು: "ಆ ವರ್ಷ ಮಳೆ ಬಿಡಲೇ ಇಲ್ಲ. ಲಂಗೋಟಿ ಒಂದೂ ಒಣಗ್ತಿರಲಿಲ್ಲ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸ್ತಿದ್ವಿ. ನಿಮ್ಮನ್ನೆಲ್ಲ ಎತ್ಕೊಂಡ್ರೆ ಹೊಗೆ ವಾಸನೆ ಬರ್ತಿತ್ತು."

ಮಗಳು ಅದನ್ನ ಅಲ್ಲೇ ಕೂತು, ಆ ಜೆರಾಕ್ಸ್ ಪುಟದ ಹಿಂದೆ, ತಾರೀಖು ಹಾಕಿ ಬರ್ಕೊಂಡಳು.